ಗುರಿ ಹೊಡೆಯುವ ಹವ್ಯಾಸಕ್ಕೆ ಮೊದಲ ಗನ್: ಏರ್ ರೈಫಲ್, ಏರ್ ಪಿಸ್ತೂಲ್ ಆರಿಸುವ ಬಗೆ

ಏರ್‌ಗನ್ ಕೊಳ್ಳಲು ಅಂಗಡಿಗೆ ಹೋದವರು ಮೊದಲು ಕೇಳುವುದು ಒಂದೇ: ‘ಇದರ ಪವರ್ ಎಷ್ಟು?’ ಮಾರುವವನೂ ಅದಕ್ಕೇ ತಯಾರಾಗಿ ಕೂತಿರುತ್ತಾನೆ. ಡಬ್ಬದ ಮೇಲೆ ಸೆಕೆಂಡಿಗೆ ಸಾವಿರ ಅಡಿ, ಸಾವಿರದ ಇನ್ನೂರು ಅಡಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಆ ಅಂಕಿ ನೋಡಿ ಗನ್ ಮನೆಗೆ ತಂದವರಲ್ಲಿ ಹೆಚ್ಚಿನವರು ಮೂರು ತಿಂಗಳಲ್ಲಿ ಅದನ್ನು ಅಟ್ಟಕ್ಕೆ ಏರಿಸುತ್ತಾರೆ. ಕಾರಣ ಸರಳ. ಅದು ಜೋರಾಗಿ ಹೊಡೆಯುತ್ತದೆ, ಆದರೆ ಒಂದೇ ಜಾಗಕ್ಕೆ ಹೊಡೆಯುವುದಿಲ್ಲ.

ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಸ್ಪರ್ಧಿಗಳು ಬಳಸುವ, ಲಕ್ಷಗಟ್ಟಲೆ ಬೆಲೆಯ ರೈಫಲ್‌ನಿಂದ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಹೊರಡುವುದು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ, ಅಂದರೆ 560 ಅಡಿಯ ಆಸುಪಾಸಿನಲ್ಲಿ. ಪಿಸ್ತೂಲಿನದು ಇನ್ನೂ ಕಡಿಮೆ. ಆ ರೈಫಲ್ ಮುಟ್ಟಬೇಕಾದ, ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಹತ್ತು ಮೀಟರಿನಲ್ಲಿ ಕಾಗದ ತೂತು ಮಾಡಲು ಅಷ್ಟು ವೇಗ ಸಾಕು, ಹೆಚ್ಚಾದರೆ ಗನ್ ಅಲುಗುವುದೂ ಹೆಚ್ಚುತ್ತದೆ. ಹಾಗಾಗಿ ಈ ಲೇಖನದಲ್ಲಿ ಪವರ್ ವಿಷಯ ಕೊನೆಯ ಸಾಲಿನಲ್ಲಿ ಕೂತಿದೆ. ಮೈಗೆ ಹೊಂದುವುದು, ಟ್ರಿಗರ್, ಪೆಲೆಟ್ ಈ ಮೂರೂ ಮುಂದಿನ ಸಾಲಿನಲ್ಲಿವೆ.

ಇದು ಕಾಗದದ ಗುರಿಗೆ ಹೊಡೆಯುವ ಹವ್ಯಾಸದ ಮಾತು. ಬೆಳವ, ಗುಬ್ಬಿ, ಅಳಿಲು ಎಂದು ಹಿತ್ತಲಲ್ಲಿ ಗನ್ ಎತ್ತುವವರಿಗೆ ಇಲ್ಲಿ ಏನೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಕ್ಕಿ ಹೊಡೆಯುವುದು ಅಪರಾಧ. ಗನ್ನಿಗೆ ಪರವಾನಗಿ ಬೇಡ ಎಂದ ಮಾತ್ರಕ್ಕೆ ಹಕ್ಕಿ ಹೊಡೆಯಲು ಪರವಾನಗಿ ಸಿಕ್ಕಂತೆ ಅಲ್ಲ.

ಕಾನೂನಿನ ಗೆರೆ ಎಲ್ಲಿದೆ ನೋಡಿಕೊಳ್ಳಿ

ಭಾರತದಲ್ಲಿ ಬಂದೂಕುಗಳ ಮೇಲೆ ಅಧಿಕಾರ ನಡೆಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು. ಏರ್‌ಗನ್ ಮಟ್ಟಿಗೆ ನೆನಪಿಡಬೇಕಾದ ಅಂಕಿ ಎರಡು: ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್, ಅಂಗಡಿಯವರ ಬಾಯಲ್ಲಿ ‘ಪಾಯಿಂಟ್ ಒನ್ ಸೆವೆನ್ ಸೆವೆನ್’. ಮತ್ತು ನಳಿಗೆಯ ಬಾಯಲ್ಲಿ ಪೆಲೆಟ್ಟಿನ ಶಕ್ತಿ 20 ಜೂಲ್. ಎರಡನ್ನೂ ಮೀರದಿದ್ದರೆ ಪರವಾನಗಿ ಬೇಡ. ಯಾವುದಾದರೂ ಒಂದನ್ನು ಮೀರಿದರೂ ಬೇಕು. ‘ಪಾಯಿಂಟ್ ಟೂ ಟೂ’, ಅಂದರೆ 0.22 ಇಂಚು (ಸುಮಾರು 5.5 ಮಿಲಿಮೀಟರ್) ಅಳತೆಯ ಏರ್‌ಗನ್ ಈ ಗೆರೆಯ ಆಚೆಗಿದೆ. ಗಾಳಿಯ ಗನ್ ತಾನೇ ಎಂದು ಸಲೀಸಾಗಿ ತೆಗೆದುಕೊಳ್ಳಬೇಡಿ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಶಕ್ತಿ ಎಂದರೆ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ಗುರಿ ಹೊಡೆಯಲು ಬಳಸುವ ಸಾಮಾನ್ಯ ಪೆಲೆಟ್ 0.53 ಗ್ರಾಂ ತೂಗುತ್ತದೆ. ಅದು 20 ಜೂಲ್ ಮುಟ್ಟುವುದು ಸೆಕೆಂಡಿಗೆ ಸುಮಾರು 275 ಮೀಟರ್ ವೇಗದಲ್ಲಿ, ಅಂದರೆ 900 ಅಡಿ. ಹಾಗಿದ್ದರೆ ‘1200 ಅಡಿ, ಲೈಸೆನ್ಸ್ ಬೇಡ’ ಎನ್ನುವ ಡಬ್ಬ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ, ಇಲ್ಲವೇ ಯಾರೂ ಬಳಸದ ಹಗುರ ಪೆಲೆಟ್ ಹಾಕಿ ಅಳೆದದ್ದನ್ನು ಹೇಳುತ್ತಿದೆ. ನಿಜವಾಗಿಯೂ ಆ ವೇಗ ಬರುವುದಾದರೆ ಅದು ಪರವಾನಗಿ ಬೇಕಾದ ಗನ್.

ಗುರುತಿನ ಚೀಟಿ, ವಿಳಾಸದ ದಾಖಲೆ ತೆಗೆದುಕೊಂಡು, ಗನ್ನಿನ ಕ್ರಮಸಂಖ್ಯೆ ಬರೆದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಬಿಲ್ಲಿನ ಪ್ರತಿಯೊಂದನ್ನು ಗನ್ನಿನ ಚೀಲದಲ್ಲೇ ಇಟ್ಟಿರಿ. ರಸ್ತೆಯಲ್ಲಿ ಪೊಲೀಸರು ತಡೆದಾಗ ನಿಮ್ಮ ವಿವರಣೆಗಿಂತ ಆ ಚೀಟಿ ಬೇಗ ಕೆಲಸ ಮಾಡುತ್ತದೆ.

ಕೊಳ್ಳುವ ಮುಂಚೆ ಕ್ಲಬ್ಬಿನ ಗನ್ ಹಿಡಿಯಿರಿ

ಇಡೀ ಲೇಖನದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ 10 ಮೀಟರ್ ರೇಂಜ್ ಇರುವ ಖಾಸಗಿ ಅಕಾಡೆಮಿಗಳಿವೆ. ಗಂಟೆಗಿಷ್ಟು ಅಥವಾ ತಿಂಗಳಿಗಿಷ್ಟು ಎಂದು ಹಣ ಕಟ್ಟಿದರೆ ಅವರದೇ ರೈಫಲ್, ಪಿಸ್ತೂಲ್, ಜೊತೆಗೊಬ್ಬ ಕೋಚ್ ಸಿಗುತ್ತಾರೆ. ಸ್ಪರ್ಧೆಯ ಹಾದಿ ಹಿಡಿಯುವವರಿಗೆ ರಾಜ್ಯ ರೈಫಲ್ ಸಂಸ್ಥೆ ಇದೆ, ಅದರ ಮೇಲೆ 1951ರಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಸ್ಥೆ. ಬರೀ ಖುಷಿಗೆ ಹೊಡೆಯುವವರಿಗೂ ಅಕಾಡೆಮಿಯ ಒಂದೆರಡು ತಿಂಗಳು ದಂಡವಲ್ಲ. ಆ ಹೊತ್ತಿಗೆ ನಿಮಗೆ ರೈಫಲ್ ಇಷ್ಟವೋ ಪಿಸ್ತೂಲೋ, ನಿಂತು ಹೊಡೆಯಲು ಬೆನ್ನು ಒಪ್ಪುತ್ತದೆಯೋ, ಅಸಲಿಗೆ ಈ ಆಟ ಬೇಕೋ ಬೇಡವೋ ಎಲ್ಲವೂ ಗೊತ್ತಾಗಿರುತ್ತದೆ.

ಅಲ್ಲಿ ಹೋದಾಗ ಅಂಕ ಎಷ್ಟು ಬಂತು ಎಂದು ತಲೆ ಕೆಡಿಸಿಕೊಳ್ಳಬೇಡಿ. ಯಾವ ಗನ್ ಹಿಡಿದಾಗ ಕುತ್ತಿಗೆ ನೋಯಲಿಲ್ಲ, ಯಾವುದರ ಟ್ರಿಗರ್ ಯಾವಾಗ ಬಿಡುತ್ತದೆ ಎಂದು ಬೆರಳಿಗೆ ಮೊದಲೇ ತಿಳಿಯುತ್ತಿತ್ತು, ನಲವತ್ತನೇ ಗುಂಡಿನ ಹೊತ್ತಿಗೆ ತೋಳು ಏನು ಹೇಳಿತು, ಇವನ್ನು ಒಂದು ಪುಸ್ತಕದಲ್ಲಿ ಗೀಚಿಟ್ಟುಕೊಳ್ಳಿ. ಗನ್ನಿನ ಮಾದರಿಯ ಹೆಸರನ್ನೂ ಬರೆದಿಡಿ, ಮುಂದೆ ಬೇಕಾಗುತ್ತದೆ.

ರೈಫಲ್ಲೋ ಪಿಸ್ತೂಲೋ

ರೈಫಲ್ ಬೇಗ ಒಲಿಯುತ್ತದೆ. ಮೇಜಿನ ಮೇಲೆ ಮರಳಿನ ಚೀಲಕ್ಕೆ ಊರಿ ಹೊಡೆದರೆ ಮೊದಲ ದಿನವೇ ತೂತುಗಳು ಒಂದರ ಪಕ್ಕ ಒಂದು ಬೀಳುತ್ತವೆ, ಮನಸ್ಸಿಗೆ ಹುರುಪು ಬರುತ್ತದೆ. ನಿಂತು ಹೊಡೆಯಲು ಶುರುಮಾಡಿದ ಮೇಲೆ ಖರ್ಚು ಶುರು. ಗಡುಸಾದ ಜಾಕೆಟ್, ಪ್ಯಾಂಟ್, ಎಡಗೈಗೆ ಕೈಗವಸು, ಚಪ್ಪಟೆ ತಳದ ಬೂಟು. ಏಪ್ರಿಲ್ ತಿಂಗಳಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಆ ಜಾಕೆಟ್ ತೊಟ್ಟು ಅರವತ್ತು ಗುಂಡು ಹೊಡೆಯುವುದು ಎಂದರೆ ಗುರಿಗಿಂತ ಬೆವರಿನ ಜೊತೆಗೇ ಹೆಚ್ಚು ಸೆಣಸಾಟ. ಹವ್ಯಾಸಕ್ಕೆ ಇವು ಕಡ್ಡಾಯವಲ್ಲ, ನಿಜ. ಆದರೆ ಅವಿಲ್ಲದೆ ನಿಂತು ಹೊಡೆದರೆ ಅಂಕ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ, ಆಮೇಲೆ ಆಸೆ ಹುಟ್ಟುವುದು ಖಚಿತ. ರೈಫಲ್‌ನ ತೂಕ ಸ್ಪರ್ಧೆಯಲ್ಲಿ ಐದೂವರೆ ಕಿಲೋವರೆಗೂ ಇರಬಹುದು.

ಪಿಸ್ತೂಲಿಗೆ ಈ ವೇಷವೆಲ್ಲ ಬೇಡ. ಪಿಸ್ತೂಲ್, ಪೆಲೆಟ್, ಕನ್ನಡಕ, ಗಟ್ಟಿ ತಳದ ಸಾಧಾರಣ ಬೂಟು, ಇಷ್ಟೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಿಶ್ರ ತಂಡ ಸ್ಪರ್ಧೆಯಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ದಿನನಿತ್ಯದ ಕನ್ನಡಕ ಹಾಕಿಕೊಂಡು, ಒಂದು ಕೈ ಜೇಬಿಗೆ ತೂರಿಸಿ ಬೆಳ್ಳಿ ಗೆದ್ದದ್ದನ್ನು ಜಗತ್ತೇ ನೋಡಿತು. ಆದರೆ ಪಿಸ್ತೂಲ್ ಕಷ್ಟದ ಗುರು. ಒಂದೇ ಕೈ, ಯಾವ ಆಸರೆಯೂ ಇಲ್ಲ, ಮುಂದಕ್ಕೆ ಚಾಚಿದ ತೋಳಿನ ತುದಿಯಲ್ಲಿ ಸುಮಾರು ಒಂದು ಕಿಲೋ ತೂಕ. ನಿಯಮದ ಪ್ರಕಾರ ಒಂದೂವರೆ ಕಿಲೋವರೆಗೆ ಅವಕಾಶವಿದೆ, ಅಷ್ಟು ಭಾರದ್ದನ್ನು ಬಯಸುವವರು ಕಡಿಮೆ. ಹತ್ತರ ವೃತ್ತ 11.5 ಮಿಲಿಮೀಟರ್ ಅಗಲವಿದೆ, ರೈಫಲ್‌ನ ಚುಕ್ಕೆಯ ಮುಂದೆ ಅದು ಮೈದಾನವೇ. ಆದರೂ ಮೊದಲ ತಿಂಗಳಲ್ಲಿ ಕಪ್ಪು ಭಾಗದೊಳಗೆ ಗುಂಡು ನಿಲ್ಲಿಸುವುದೇ ದೊಡ್ಡ ಸಾಹಸ ಅನ್ನಿಸುತ್ತದೆ.

ವಯಸ್ಸಾಯಿತು ಎಂದು ಹಿಂಜರಿಯುವವರಿಗೆ ನಮ್ಮವರದೇ ಉದಾಹರಣೆ ಇದೆ. ಬೆಂಗಳೂರಿನ ಪಿ.ಎನ್. ಪ್ರಕಾಶ್ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು, ವಾಪಸು ಬಂದು ಮತ್ತೆ ಪಿಸ್ತೂಲ್ ಹಿಡಿದವರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಬೆಳ್ಳಿ ಗೆದ್ದರು, 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೂ ಹೋದರು. ಟಿ.ಎಸ್. ದಿವ್ಯಾ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವರು. ಶೂಟಿಂಗಿಗೆ ಬಂದ ಮೇಲೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದರು.

ನನ್ನ ಅಭಿಪ್ರಾಯ ಕೇಳಿದರೆ: ಮನೆಯವರೆಲ್ಲ ಸೇರಿ ವಾರಕ್ಕೊಮ್ಮೆ ಹೊಡೆಯುವುದಾದರೆ ರೈಫಲ್. ಒಬ್ಬರೇ ದಿನವೂ ಅರ್ಧ ಗಂಟೆ ಕೊಡುವುದಾದರೆ ಪಿಸ್ತೂಲ್.

ಯಾವ ಕಣ್ಣು ಯಜಮಾನ

ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಚಿಕ್ಕ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ಗೋಡೆಯ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಯಜಮಾನ ಕಣ್ಣು. ಬಲಗೈಯವರಿಗೆ ಬಲಗಣ್ಣೇ ಆಗಿದ್ದರೆ ತಲೆನೋವಿಲ್ಲ. ಕೈ ಒಂದು, ಕಣ್ಣು ಇನ್ನೊಂದು ಎಂದಾದರೆ ರೈಫಲ್ ಕೊಳ್ಳುವವರು ಕಣ್ಣಿನ ಕಡೆಯ ಭುಜಕ್ಕೆ ಇಟ್ಟು ಹೊಡೆಯುವುದನ್ನು ಒಮ್ಮೆ ಪ್ರಯತ್ನಿಸಲಿ. ಹೊಸಬರಿಗೆ ಇದು ಅಂದುಕೊಂಡಷ್ಟು ಕಷ್ಟವಲ್ಲ. ಒಗ್ಗದಿದ್ದರೆ ಇನ್ನೊಂದು ಕಣ್ಣಿನ ಮುಂದೆ ಅರೆಪಾರದರ್ಶಕ ಪಟ್ಟಿ ಅಡ್ಡ ಹಿಡಿದು ಹೊಡೆಯಬಹುದು. ಪಿಸ್ತೂಲಿನಲ್ಲಿ ತಲೆ ಸ್ವಲ್ಪ ತಿರುಗಿಸಿದರೆ ಆಯಿತು. ಎಡಗೈಯವರಿಗೆ ಎಡಗೈ ಹಿಡಿಕೆಯೇ ಬೇಕು. ಬಲಗೈ ಆಕಾರಕ್ಕೆ ಕೆತ್ತಿದ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿಯಲು ಬರುವುದೇ ಇಲ್ಲ.

ಗಾಳಿ ಎಲ್ಲಿಂದ ಬರುತ್ತದೆ

ಬೆಲೆ, ನಿಖರತೆ, ನಿರ್ವಹಣೆ ಮೂರೂ ನಿಂತಿರುವುದು ಇದರ ಮೇಲೆ.

ಸ್ಪ್ರಿಂಗ್ ಗನ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸರಳ. ನಳಿಗೆ ಮಡಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ, ಟ್ರಿಗರ್ ಎಳೆದರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿ ಒತ್ತುತ್ತದೆ. ಪಂಪು ಬೇಡ, ಸಿಲಿಂಡರ್ ಬೇಡ. ತೊಂದರೆ ಇರುವುದು ಆ ಭಾರದ ಪಿಸ್ಟನ್ನಿನಲ್ಲಿ. ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಗನ್ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಒದೆಯುತ್ತದೆ. ಬಿಗಿಯಾಗಿ ಅಮುಕಿ ಹಿಡಿದಷ್ಟೂ ಗುರಿ ತಪ್ಪುತ್ತದೆ. ಮುಂಗೈಯನ್ನು ತಟ್ಟೆಯ ಹಾಗೆ ಬಿಡಿಸಿ, ಅದರ ಮೇಲೆ ಗನ್ ಸುಮ್ಮನೆ ಕೂರಿಸಿ, ಅದು ಒದೆಯುವಷ್ಟು ಒದೆಯಲಿ ಎಂದು ಬಿಡಬೇಕು. ಪ್ರತಿಸಲವೂ ಒಂದೇ ಜಾಗದಲ್ಲಿ ಕೂರಿಸಬೇಕು. ಹೆಚ್ಚು ಪವರ್‌ನ ಸ್ಪ್ರಿಂಗ್ ಗನ್ ಹೊಸಬರಿಗೆ ಬೇಡ ಎನ್ನುವುದು ಇದಕ್ಕೇ. ಹಗುರ ಸ್ಪ್ರಿಂಗಿನ, ಸಾಧಾರಣ ವೇಗದ ಗನ್ ಎಷ್ಟೋ ಮೇಲು. ಪ್ರೆಸಿಹೋಲ್‌ನಂಥ ದೇಶಿ ಕಂಪನಿಗಳು ಬಂದ ಮೇಲೆ ಈ ವರ್ಗದಲ್ಲಿ ವಿದೇಶಿ ಮಾಲಿಗೇ ಕಾಯಬೇಕಿಲ್ಲ.

ಇದರಲ್ಲಿ ಎರಡು ಎಚ್ಚರ. ನಳಿಗೆ ಮಡಿಸಿ ಪೆಲೆಟ್ ಹಾಕುವಾಗ ಇನ್ನೊಂದು ಕೈ ನಳಿಗೆಯನ್ನು ಹಿಡಿದೇ ಇರಬೇಕು. ಕೊಕ್ಕೆ ಜಾರಿದರೆ ನಳಿಗೆ ಚಟ್ಟನೆ ಮೇಲೇಳುತ್ತದೆ, ಬೆರಳು ಮುರಿಯುವಷ್ಟು ಜೋರಾಗಿ. ಮತ್ತೆ, ಪೆಲೆಟ್ ಇಲ್ಲದೆ ಖಾಲಿ ಹೊಡೆಯಬಾರದು. ಮುಂದೆ ತಡೆಯುವ ಗಾಳಿ ಇಲ್ಲದೆ ಪಿಸ್ಟನ್ ಕಬ್ಬಿಣಕ್ಕೆ ಕಬ್ಬಿಣವಾಗಿ ಬಡಿದು ಸೀಲ್ ಹಾಳಾಗುತ್ತದೆ.

ಒಂದೇ ಒತ್ತಿನ ಗನ್ ಎರಡನೇ ಬಗೆ. ಪಕ್ಕದ ಅಥವಾ ಕೆಳಗಿನ ಸನ್ನೆಕೋಲನ್ನು ಒಮ್ಮೆ ಎಳೆದು ಮುಚ್ಚಿದರೆ ಒಂದು ಗುಂಡಿಗೆ ಬೇಕಾದ ಗಾಳಿ ತುಂಬುತ್ತದೆ. ಒದೆತ ಇಲ್ಲವೇ ಇಲ್ಲ ಅನ್ನಬಹುದು. ರಷ್ಯಾದ ಬೈಕಾಲ್ ಇಝ್-46ಎಂ ಪಿಸ್ತೂಲ್, ಜರ್ಮನಿಯ ಫೈನ್‌ವರ್ಕ್‌ಬಾವ್ 603 ರೈಫಲ್ ಈ ಜಾತಿಯವು. ಹಳೆಯವಾದರೂ ಇವತ್ತಿಗೂ ಕಾಗದದ ಮೇಲೆ ಹೊಸ ಗನ್ನುಗಳಿಗೆ ಸರಿಸಾಟಿ. ಹೊರಗಿನ ಗಾಳಿಯ ಹಂಗಿಲ್ಲದ್ದರಿಂದ ಸಣ್ಣ ಊರಿನಲ್ಲಿ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಒಂದೇ ಕಷ್ಟ, ಅರವತ್ತು ಗುಂಡಿಗೆ ಅರವತ್ತು ಸಲ ಸನ್ನೆಕೋಲು ಎಳೆಯಬೇಕು. ಪಿಸ್ತೂಲಿನಲ್ಲಿ ಅದೇ ಕೈ ಆಮೇಲೆ ಅಲುಗದೆ ನಿಲ್ಲಬೇಕು.

ಮೊದಲೇ ಗಾಳಿ ತುಂಬಿಡುವ ಗನ್ ಮೂರನೆಯದು. ಎಲ್ಲರ ಬಾಯಲ್ಲಿ ಪಿಸಿಪಿ. ಸ್ಪರ್ಧೆಯಲ್ಲಿ ಈಗ ಕಾಣುವುದು ಇವೇ: ವಾಲ್ಥರ್, ಫೈನ್‌ವರ್ಕ್‌ಬಾವ್, ಸ್ಟೈಯರ್, ಪಿಸ್ತೂಲಿನಲ್ಲಿ ಮೊರೀನಿ, ಪಾರ್ಡೀನಿ. ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ಇರುತ್ತದೆ, ಕಾರಿನ ಟೈರಿಗೆ ಹಾಕುವುದರ ಎಂಬತ್ತು ತೊಂಬತ್ತು ಪಟ್ಟು. ಒಳಗಿನ ರೆಗ್ಯುಲೇಟರ್ ಪ್ರತಿ ಗುಂಡಿಗೂ ಅಳೆದು ಕೊಡುತ್ತದೆ. ಹೊಡೆಯುವುದು ಸುಖ, ತುಂಬುವುದು ಕಷ್ಟ. ಕೈಪಂಪು ಒತ್ತಿದರೆ ಜಿಮ್ಮಿಗೆ ಬೇರೆ ಹೋಗಬೇಕಾಗಿಲ್ಲ. ಇಲ್ಲವಾದರೆ ಕ್ಲಬ್ಬಿನ ದೊಡ್ಡ ಸಿಲಿಂಡರ್ ನೆಚ್ಚಬೇಕು. ಆಮದು ಮಾಡಿದ ಸ್ಪರ್ಧೆ ದರ್ಜೆಯ ರೈಫಲ್ ಒಂದೆರಡು ಲಕ್ಷ ದಾಟುತ್ತದೆ.

ಇನ್ನು ಇಂಗಾಲದ ಡೈಆಕ್ಸೈಡ್ ಡಬ್ಬಿಯ ಪಿಸ್ತೂಲುಗಳು. ನೋಡಲು ಸಿನಿಮಾ ಪೊಲೀಸರ ರಿವಾಲ್ವರಿನಂತೆ ಇರುತ್ತವೆ. ಖಾಲಿ ಡಬ್ಬ ಉರುಳಿಸಲು ಮಜಾ. ಆದರೆ ವಾತಾವರಣ ತಂಪಾದರೆ ಒತ್ತಡ ಇಳಿಯುತ್ತದೆ, ಬೇಗಬೇಗ ಹೊಡೆದರೂ ಇಳಿಯುತ್ತದೆ, ಗುಂಡು ಕೆಳಗೆ ಬೀಳುತ್ತದೆ. ಇವುಗಳಲ್ಲಿ ಹಲವು ಹೊಡೆಯುವುದು ಉಕ್ಕಿನ ಗುಂಡು. ಗಟ್ಟಿ ವಸ್ತುವಿಗೆ ತಾಗಿದರೆ ನೇರ ಹಿಂದಕ್ಕೇ ಪುಟಿಯುತ್ತದೆ. ಕನ್ನಡಕವಿಲ್ಲದೆ ಮುಟ್ಟಲೇಬೇಡಿ. ಅಸಲಿ ಪಿಸ್ತೂಲಿನಂತೆ ಕಾಣುವುದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ಇಳಿಯುವ ಹುಚ್ಚಾಟವಂತೂ ಬೇಡ.

ಮೈಗೆ ಹೊಂದುತ್ತದೆಯೇ

ಗನ್ ಆರಿಸುವುದು ಚಪ್ಪಲಿ ಆರಿಸಿದ ಹಾಗೆ. ಕಂಪನಿಯ ಹೆಸರಿಗಿಂತ ಮೊದಲು ಕಾಲಿನ ಅಳತೆ. ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ.

ರೈಫಲ್ ಆದರೆ, ಖಾಲಿ ಇರುವುದನ್ನು ಖಾತ್ರಿ ಮಾಡಿಕೊಂಡು ಭುಜಕ್ಕಿಡಿ, ಕೆನ್ನೆಯನ್ನು ಹಿಡಿಯ (ಭುಜಕ್ಕೆ ಊರುವ ಹಿಂಭಾಗದ) ಮೇಲೆ ಇಳಿಸಿ ಕಣ್ಣು ಮುಚ್ಚಿ. ಎರಡು ಉಸಿರು ತೆಗೆದು ಕಣ್ಣು ಬಿಡಿ. ಹಿಂದಿನ ಕಿಂಡಿಯ ನಡುಮಧ್ಯ ಮುಂದಿನ ಗುರುತು ಕಂಡರೆ ಆ ಹಿಡಿ ನಿಮ್ಮದು. ಕಾಣಲು ಕುತ್ತಿಗೆ ಉದ್ದ ಮಾಡಬೇಕಾದರೆ ಹಿಡಿ ಉದ್ದ, ಮುಖ ಹಿಂದಕ್ಕೆ ಎಳೆಯಬೇಕಾದರೆ ಗಿಡ್ಡ. ಕೆನ್ನೆ ಎತ್ತಿದರೆ ಮಾತ್ರ ಕಾಣುತ್ತದೆ ಎಂದಾದರೆ ಕೆನ್ನೆಯ ಹಲಗೆ ತಗ್ಗಿದೆ. ಸ್ಪರ್ಧೆಯ ರೈಫಲ್‌ಗಳಲ್ಲಿ ಇವೆಲ್ಲ ತಿರುಪು ಸಡಿಲಿಸಿ ಸರಿಮಾಡಿಕೊಳ್ಳುವಂಥವು. ಅಗ್ಗದ ಗನ್ನುಗಳಲ್ಲಿ ಮರದ ಹಿಡಿ ಇದ್ದಂತೆ ಇರುತ್ತದೆ, ಆದ್ದರಿಂದ ಈ ಪರೀಕ್ಷೆ ಅಲ್ಲಿಯೇ ಹೆಚ್ಚು ಮುಖ್ಯ. ಮಕ್ಕಳೂ ಹೊಡೆಯುವುದಾದರೆ ಉದ್ದ ಬದಲಿಸಲು ಬರುವ ಹಿಡಿಯನ್ನೇ ಹುಡುಕಿ.

ಪಿಸ್ತೂಲಿನಲ್ಲಿ ಹಿಡಿಕೆಯೇ ಸರ್ವಸ್ವ. ಸಣ್ಣ, ಮಧ್ಯಮ, ದೊಡ್ಡ ಎಂದು ಅಳತೆಗಳಿರುತ್ತವೆ. ಹಿಡಿದು, ಕಣ್ಣು ಮುಚ್ಚಿ ತೋಳು ಎತ್ತಿ, ಕಣ್ಣು ಬಿಟ್ಟಾಗ ಮುಂದಿನ ಕಡ್ಡಿ ಹಿಂದಿನ ಸೀಳಿನ ನಡುವೆ ನಿಂತಿರಬೇಕು. ಪ್ರತಿಸಲವೂ ಎಡಕ್ಕೋ ಬಲಕ್ಕೋ ಸರಿದಿದ್ದರೆ ಆ ಹಿಡಿಕೆ ನಿಮಗಲ್ಲ. ಸ್ವಲ್ಪ ದೊಡ್ಡದಾದರೆ ಉಪ್ಪುಕಾಗದ ಹಿಡಿದು ಉಜ್ಜಬಹುದು, ಚಿಕ್ಕದಾದರೆ ಮರದ ಪುಟ್ಟಿ ಮೆತ್ತಬಹುದು. ಎಷ್ಟೋ ಒಳ್ಳೆಯ ಶೂಟರುಗಳ ಹಿಡಿಕೆ ನೋಡಿದರೆ ಹಾಗೆ ಮೆತ್ತಿ ಮೆತ್ತಿ ಕುರೂಪವಾಗಿರುತ್ತದೆ. ನಾಚಿಕೆಪಡುವ ವಿಷಯವಲ್ಲ.

ದೂರದರ್ಶಕ, ಅಂದರೆ ಸ್ಕೋಪ್, ಹತ್ತು ಮೀಟರಿಗೆ ಬೇಕಿಲ್ಲ. ಹಾಕಲೇಬೇಕು ಎಂದರೆ ಹತ್ತು ಮೀಟರಿಗೆ ಫೋಕಸ್ ಇಳಿಸಲು ಬರುವಂಥದ್ದು ಕೇಳಿ ಪಡೆಯಿರಿ. ದೊಡ್ಡ ರೈಫಲ್‌ಗಳಿಗೆ ಮಾಡಿದವು ನೂರು ಗಜಕ್ಕೆ ಹೊಂದಿಸಿರುತ್ತವೆ, ಹತ್ತಿರದ ಗುರಿ ಮಸುಕಾಗಿ ಕಾಣುತ್ತದೆ. ಸ್ಪ್ರಿಂಗ್ ಗನ್ನಿನ ಮುಂದೊದೆತಕ್ಕೆ ಮಾಮೂಲಿ ಸ್ಕೋಪುಗಳು ಬೇಗ ಕೆಡುತ್ತವೆ ಎನ್ನುವುದೂ ಗೊತ್ತಿರಲಿ.

ಟ್ರಿಗರ್ ಎಳೆದು ನೋಡದೆ ಹಣ ಕೊಡಬೇಡಿ

ಒಳ್ಳೆಯ ಟ್ರಿಗರ್‌ಗೆ ಎರಡು ಹಂತ. ಮೊದಲು ಮೆತ್ತಗೆ ಹಿಂದಕ್ಕೆ ಬರುತ್ತದೆ, ಆಮೇಲೆ ಒಂದು ಗೋಡೆ ಸಿಗುತ್ತದೆ. ಆ ಗೋಡೆಗೆ ಸ್ವಲ್ಪ ಒತ್ತು ಕೊಟ್ಟರೆ ಗಾಜಿನ ಕಡ್ಡಿ ಮುರಿದಂತೆ ಬಿಡಬೇಕು. ಗೋಡೆಯೇ ಸಿಗದೆ ಮರಳಿನಲ್ಲಿ ಎಳೆದಂತೆ ಗರಗರ ಎನ್ನುತ್ತಾ ಯಾವಾಗಲೋ ಬಿಟ್ಟುಕೊಂಡರೆ ಆ ಗನ್ ಪಕ್ಕಕ್ಕಿಡಿ. ಏರ್ ಪಿಸ್ತೂಲಿನಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಎತ್ತಬೇಕೆಂಬ ನಿಯಮವಿದೆ, ಸ್ಪರ್ಧೆಗೆ ಮುಂಚೆ ತೂಕ ತೂಗುಹಾಕಿ ಪರೀಕ್ಷಿಸುತ್ತಾರೆ. ಏರ್ ರೈಫಲ್‌ಗೆ ಅಂಥ ಮಿತಿ ಇಲ್ಲ. ಹವ್ಯಾಸಿಗಳು ತೀರಾ ಹಗುರ ಮಾಡಿಕೊಳ್ಳದಿರುವುದು ಕ್ಷೇಮ. ಬೆರಳು ಮುಟ್ಟಿದ್ದಕ್ಕೇ ಬಿಡುವ ಟ್ರಿಗರ್ ಮನೆಯಲ್ಲಿ ಇರಬಾರದು.

ಎಲೆಕ್ಟ್ರಾನಿಕ್ ಟ್ರಿಗರ್ ಗರಿಗರಿಯಾಗಿರುತ್ತದೆ, ಬ್ಯಾಟರಿ, ತಂತಿ, ಸರ್ಕ್ಯೂಟ್ ಕೂಡ ಜೊತೆಗೆ ಬರುತ್ತವೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ಕೈಕೊಟ್ಟಿತು. ಸರಿಮಾಡಿಸಿಕೊಂಡು ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋದವು. 575 ಅಂಕದೊಂದಿಗೆ 12ನೇ ಸ್ಥಾನ, ಫೈನಲ್ ಎರಡು ಅಂಕದಲ್ಲಿ ತಪ್ಪಿತು. ಅವರ ಬೆನ್ನಿಗೆ ಕೋಚ್, ಬಿಡಿಭಾಗ, ರಿಪೇರಿಗಾರರು ಎಲ್ಲ ಇದ್ದರು. ಹಾಸನದಲ್ಲೋ ಸಿರಸಿಯಲ್ಲೋ ಇರುವ ನೀವು ಸರ್ಕ್ಯೂಟ್ ಕೆಟ್ಟರೆ ಯಾರ ಹತ್ತಿರ ಒಯ್ಯುತ್ತೀರಿ ಎಂದು ಮೊದಲು ಯೋಚಿಸಿ. ಮೊದಲ ಗನ್ನಿಗೆ ಮೆಕ್ಯಾನಿಕಲ್ ಟ್ರಿಗರ್ ಸಾಕು. ಯಾವ ಮಾದರಿಯೇ ಇರಲಿ, ಗಾಳಿ ಸೋರದಂತೆ ತಡೆಯುವ ಸೀಲು, ಓ-ರಿಂಗು (ರಬ್ಬರ್ ಉಂಗುರ) ಇಲ್ಲೇ ಸಿಗುತ್ತವೆಯೇ ಎಂದು ಅಂಗಡಿಯವರನ್ನು ಕೇಳಿ. ‘ತರಿಸಿಕೊಡೋಣ ಸಾರ್’ ಎಂದರೆ ಇಲ್ಲ ಎಂದೇ ಅರ್ಥ.

ಖಾಲಿ ಹೊಡೆಯುವ ಅಭ್ಯಾಸಕ್ಕೆ ಪ್ರತ್ಯೇಕ ಸೌಕರ್ಯ ಇದೆಯೇ ಎಂದೂ ನೋಡಿ. ಸ್ಪರ್ಧೆ ದರ್ಜೆಯ ಗನ್ನುಗಳಲ್ಲಿ ಒಂದು ಗುಂಡಿ ಒತ್ತಿದರೆ ಗಾಳಿ ಹೊರಬರದೆ ಟ್ರಿಗರ್ ಮಾತ್ರ ಕೆಲಸ ಮಾಡುತ್ತದೆ. ಬಿಳಿಗೋಡೆಯ ಮುಂದೆ ನಿಂತು ಹೀಗೆ ಪೆಲೆಟ್ ಖರ್ಚಿಲ್ಲದೆ ಮಾಡುವ ಅಭ್ಯಾಸವೇ ಪಿಸ್ತೂಲ್ ಕಲಿಕೆಯ ಮುಕ್ಕಾಲು ಪಾಲು.

ಪೆಲೆಟ್ಟಿನ ಪರೀಕ್ಷೆ

ಕಾಗದಕ್ಕೆ ಹೊಡೆಯಲು ಚಪ್ಪಟೆ ತಲೆಯ ಪೆಲೆಟ್ ಬೇಕು, ಗುಂಡನೆಯ ತೂತು ಸ್ವಚ್ಛವಾಗಿ ಕತ್ತರಿಸುತ್ತದೆ. ಚೂಪು ತಲೆಯದು ಅಂಚು ಹರಿದು ಅಂಕ ಓದಲು ಕಷ್ಟ. ಒಳ್ಳೆಯ ಡಬ್ಬಿಗಳ ಮೇಲೆ ತಲೆಯ ಅಳತೆ ಬರೆದಿರುತ್ತಾರೆ: 4.49, 4.50, 4.51. ನೂರನೇ ಒಂದು ಮಿಲಿಮೀಟರಿನ ಈ ವ್ಯತ್ಯಾಸಕ್ಕೆ ಕೆಲವು ನಳಿಗೆಗಳು ಕೋಪಿಸಿಕೊಳ್ಳುತ್ತವೆ, ಕೆಲವಕ್ಕೆ ಪರಿವೆಯೇ ಇಲ್ಲ. ನಾಲ್ಕೈದು ಬಗೆಯ ಒಂದೊಂದು ಡಬ್ಬಿ ತಂದು, ಮರಳಿನ ಚೀಲಕ್ಕೆ ಊರಿ, ಪ್ರತಿಯೊಂದರಲ್ಲೂ ಹತ್ತು ಹತ್ತು ಗುಂಡು ಬೇರೆ ಬೇರೆ ಕಾಗದಕ್ಕೆ ಹೊಡೆಯಿರಿ. ನಡುವೆ ಬೀಳಬೇಕೆಂದಿಲ್ಲ, ಒಟ್ಟಿಗೆ ಬೀಳಬೇಕು. ನಡುವಿಗೆ ತರಲು ಸೈಟಿನ, ಅಂದರೆ ಗುರಿ ನೋಡುವ ಕಿಂಡಿಯ, ತಿರುಪು ಇದೆ. ಆರ್‌ಡಬ್ಲ್ಯುಎಸ್, ಜೆಎಸ್‌ಬಿ, ಎಚ್ ಅಂಡ್ ಎನ್ ಹೆಸರುವಾಸಿ ತಯಾರಕರು. ಆದರೆ ನಿಮ್ಮ ನಳಿಗೆಗೆ ಅಗ್ಗದ್ದೇ ಹಿಡಿಸಿದರೆ ಖುಷಿಯಿಂದ ಅದನ್ನೇ ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ

ಸ್ಪರ್ಧೆ ಬಿಟ್ಟ ಮಕ್ಕಳ ಅಪ್ಪ ಅಮ್ಮಂದಿರು ಒಳ್ಳೊಳ್ಳೆಯ ರೈಫಲ್‌ಗಳನ್ನು ಅರ್ಧ ಬೆಲೆಗೆ ಮಾರುತ್ತಾರೆ. ಅಕಾಡೆಮಿಯ ಸೂಚನಾ ಫಲಕದ ಮೇಲೆ ಕಣ್ಣಿಟ್ಟಿರಿ. ಪಿಸಿಪಿ ಆದರೆ ಮೊದಲು ನೋಡಬೇಕಾದದ್ದು ಸಿಲಿಂಡರಿನ ಮೇಲೆ ಒತ್ತಿದ ತಾರೀಖು. ಸ್ಪರ್ಧೆ ಗನ್ನುಗಳ ಸಿಲಿಂಡರಿಗೆ ತಯಾರಕರು ಸಾಮಾನ್ಯವಾಗಿ 10 ವರ್ಷದ ಅವಧಿ ಹೇಳುತ್ತಾರೆ. ಅವಧಿ ಮೀರಿದ್ದನ್ನು ಸ್ಪರ್ಧೆಯಲ್ಲಿ ಬಳಸುವಂತಿಲ್ಲ. ಮನೆಯಲ್ಲೂ 200 ಬಾರ್ ಗಾಳಿಯನ್ನು ಮುಖದ ಪಕ್ಕ ಇಟ್ಟುಕೊಳ್ಳುವಾಗ ಜೂಜು ಬೇಡ. ಹೊಸ ಸಿಲಿಂಡರಿನ ಬೆಲೆ ವಿಚಾರಿಸಿ, ಅದನ್ನು ಕಳೆದು ಚೌಕಾಸಿ ಮಾಡಿ. ಗಾಳಿ ತುಂಬಿಸಿ ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಮಾಪಕದ ಮುಳ್ಳು ಇಳಿದಿದೆಯೇ ನೋಡಿ. ತಿರುಪುಗಳ ತಲೆ ಸವೆದಿದ್ದರೆ ಯಾರೋ ಮನೆಯಲ್ಲೇ ಬಿಚ್ಚಿ ಕೈಚಳಕ ತೋರಿಸಿದ್ದಾರೆ ಎಂದು ಅರ್ಥ.

ಮನೆಯಲ್ಲಿ ಹತ್ತು ಮೀಟರ್

ಉದ್ದನೆಯ ಪಡಸಾಲೆ, ಮಾಳಿಗೆ, ತೋಟದ ಶೆಡ್ ಯಾವುದಾದರೂ ಆದೀತು, ಗುರಿಯ ಹಿಂದೆ ಗಟ್ಟಿ ಗೋಡೆ ಇರಬೇಕು, ಗುರಿಯ ಅಕ್ಕಪಕ್ಕ ಬಾಗಿಲು ಇರಬಾರದು. ಆ ಬಾಗಿಲಿನಿಂದ ಯಾರೋ ಕಾಫಿ ಹಿಡಿದು ಬರುವುದು ಖಂಡಿತ. ದಪ್ಪ ಮರದ ಪೆಟ್ಟಿಗೆಯಲ್ಲಿ ರಬ್ಬರ್ ಚೂರು ಅಥವಾ ಹಳೆಬಟ್ಟೆ ಒತ್ತಿ ತುಂಬಿದರೆ ಸಾಧಾರಣ ವೇಗದ ಪೆಲೆಟ್ ಅಲ್ಲೇ ನಿಲ್ಲುತ್ತದೆ. ಬಟ್ಟೆ ಹಿಂಜಿಹೋದಂತೆ ಬದಲಿಸುತ್ತಿರಿ. ಗುರಿಯ ನಡು ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ, ಬೆಳಕು ಗುರಿಯ ಮೇಲೆ ಬೀಳಲಿ, ನಿಮ್ಮ ಕಣ್ಣಿಗಲ್ಲ.

ಗನ್ ತುಂಬಿದೆ ಎಂದೇ ಭಾವಿಸಿ ಹಿಡಿಯುವುದು, ನಳಿಗೆಯ ಬಾಯಿ ಯಾವಾಗಲೂ ಗುರಿಯ ಕಡೆಗೇ ಇಡುವುದು, ಹೊಡೆಯುವ ತನಕ ಬೆರಳನ್ನು ಟ್ರಿಗರಿನ ಹೊರಗಿಡುವುದು, ಗುರಿಯ ಹಿಂದೇನಿದೆ ಎಂದು ತಿಳಿದಿರುವುದು, ಇವು ಮನೆಯಲ್ಲೂ ರೇಂಜಿನಷ್ಟೇ ಕಡ್ಡಾಯ. ಹೊಡೆಯುವವರೂ ನೋಡುವವರೂ ಕನ್ನಡಕ ಹಾಕಬೇಕು. ಪೆಲೆಟ್ ಸೀಸದ್ದು, ಕೈ ತೊಳೆಯದೆ ಚಕ್ಕುಲಿಗೆ ಕೈ ಹಾಕಬೇಡಿ, ಪೆಲೆಟ್ ಬಾಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸವಂತೂ ಸಲ್ಲದು. ಹೊಡೆದು ಮುಗಿದ ಮೇಲೆ ಗನ್ ಬೀಗದ ಕಪಾಟಿಗೆ, ಪೆಲೆಟ್ ಬೇರೆ ಕಡೆಗೆ.

‘ಪಾಯಿಂಟ್ ಟೂ ಟೂ’ ರೈಫಲ್, ಪಿಸ್ತೂಲಿನ ಆಸೆ ಹುಟ್ಟಿದಾಗ

ಒಂದೆರಡು ವರ್ಷ ಗಾಳಿಯಲ್ಲಿ ಹೊಡೆದವರಿಗೆ ಮದ್ದಿನ ಗುಂಡಿನ ಆಸೆ ಬರುತ್ತದೆ. ಹವ್ಯಾಸಕ್ಕೆ ಇಲ್ಲಿ ಸರಿಯಾದ ಆಯ್ಕೆ ‘ಪಾಯಿಂಟ್ ಟೂ ಟೂ’ ಲಾಂಗ್ ರೈಫಲ್ ತೋಟಾ. ಒದೆತ ಕಡಿಮೆ, ಸದ್ದು ಕಡಿಮೆ, 50 ಮೀಟರ್ ರೈಫಲ್ ಮತ್ತು 25 ಮೀಟರ್ ಪಿಸ್ತೂಲ್ ಸ್ಪರ್ಧೆಗಳೂ ಇದರಲ್ಲೇ ನಡೆಯುತ್ತವೆ. ರೈಫಲ್ ಆದರೆ ಕೈಯಿಂದ ಎಳೆದು ತಳ್ಳುವ ಬೋಲ್ಟಿನದ್ದು ಒಳ್ಳೆಯದು, ನಿಧಾನ ಕಲಿಸುತ್ತದೆ. ಮೇಲೆ ಹೇಳಿದ ಹಿಡಿ, ಟ್ರಿಗರ್ ಪರೀಕ್ಷೆಗಳೆಲ್ಲ ಹಾಗೆಯೇ ಅನ್ವಯ. ಪೆಲೆಟ್ಟಿನಂತೆ ತೋಟಾವನ್ನೂ ಬಗೆಬಗೆಯದು ತಂದು ಹೊಡೆದು ನೋಡಬೇಕು. .303, 9 ಎಂಎಂ ಅಳತೆಗಳು ನಾಗರಿಕರಿಗೆ ನಿಷಿದ್ಧ, ಅವುಗಳ ಕನಸು ಬೇಡ.

ಪರವಾನಗಿಗೆ 21 ವರ್ಷ ತುಂಬಿರಬೇಕು. ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಕಚೇರಿ. ಸುರಕ್ಷಿತ ಬಳಕೆಯ ತರಬೇತಿ ಪ್ರಮಾಣಪತ್ರ, ಪೊಲೀಸ್ ಪರಿಶೀಲನೆ, ಗನ್ ಇಡುವ ಜಾಗದ ವಿವರ ಎಲ್ಲ ಬೇಕು. ತಿಂಗಳುಗಟ್ಟಲೆ ಕಾಯುವ ತಾಳ್ಮೆಯೂ ಬೇಕು. 2019ರ ತಿದ್ದುಪಡಿಯ ನಂತರ ಪರವಾನಗಿ ಐದು ವರ್ಷಕ್ಕೆ ಸಿಗುತ್ತದೆ, ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಬಂದೂಕು ಇಡುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಯಾರಿಗಾದರೂ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಅದೇ ತಿದ್ದುಪಡಿ ಹೇಳುತ್ತದೆ.

ಕೊಡಗಿನ ಮಾತು ಬೇರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟೂ ಎತ್ತಿಹಿಡಿಯಿತು. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿದವರಿಗೆ ಗುರಿಯ ಗೀಳು ಅಲ್ಲಿ ಎಷ್ಟು ಹಳೆಯದು ಎಂದು ಗೊತ್ತು. ಆದರೆ ಮನೆತನದ ಜೋಡುನಳಿಗೆ ಕೋವಿ ಛರ್ರೆ, ಅಂದರೆ ಸಣ್ಣ ಸಣ್ಣ ಗುಂಡುಗಳನ್ನು ಒಟ್ಟಿಗೆ ಚೆಲ್ಲುವ ಗನ್. ಕಾಗದದ ಮೇಲೆ ಅಂಕ ಎಣಿಸುವ ಆಟಕ್ಕೆ ಕೊಡಗಿನವರಿಗೂ ಬೇರೆ ರೈಫಲ್ಲೇ ಬೇಕು. ಆ ವಿನಾಯಿತಿಯನ್ನು ಬೇರೆ ಜಿಲ್ಲೆಯ ಗೆಳೆಯನ ಹೆಸರಿಗೆ ದಾಟಿಸಲು ಬರುವುದಿಲ್ಲ.

ಪರವಾನಗಿ ಇರುವವರಿಂದ ಹಳೆಯ ‘ಪಾಯಿಂಟ್ ಟೂ ಟೂ’ ಕೊಳ್ಳುವುದಾದರೆ ನಳಿಗೆಯ ಒಂದು ತುದಿಯಲ್ಲಿ ಬಿಳಿ ಕಾಗದ ಹಿಡಿದು, ಇನ್ನೊಂದು ತುದಿಯಿಂದ ಬೆಳಕಿಗೆ ನೋಡಿ. ಒಳಗಿನ ಸುರುಳಿಗೆರೆಗಳು ಕೊನೆತನಕ ಹೊಳೆಯಬೇಕು, ಎಲ್ಲೂ ತುಕ್ಕಿನ ಕಪ್ಪು ಕಲೆ ಇರಬಾರದು. ನಳಿಗೆಯ ಬಾಯಂಚಿನಲ್ಲಿ ಉಗುರು ಆಡಿಸಿ, ಎಲ್ಲಾದರೂ ತಡೆದರೆ ಗುಂಡು ಹೊರಡುವಾಗಲೂ ಅಲ್ಲೇ ತಡೆಯುತ್ತದೆ. ಮಾರುವವರು ಮುಂಗಡಕ್ಕೆ ಎಷ್ಟೇ ಒತ್ತಾಯಿಸಲಿ, ಕ್ರಮಸಂಖ್ಯೆ ನಿಮ್ಮ ಪರವಾನಗಿ ಪುಸ್ತಕದಲ್ಲಿ ದಾಖಲಾದ ಮೇಲಷ್ಟೇ ಪೂರ್ತಿ ಹಣ ಎಣಿಸಿ.